ಎಣ್ಣೆ ಬಿಲ್ಲಿನ ತೆರಿಗೆ, ದವಾಖಾನೆ ದಾರಿ

ತೊಗರಿ ಹೂವಿಗೆ ಬಂದದ, ಹಿಂದೇ ಕಾಯಿಕೊರಕ ಹುಳಾನೂ ಬಂದದ. ನಿನ್ನೆ ಎಣ್ಣೆ ತರಲು ಔರಾದಕ್ಕೆ ಹೋಗಿದ್ದೆ. ಅಂಗಡಿಯಲ್ಲಿ ಕುಂತಿದ್ದ ಒಬ್ಬರು, "ರೈತರು ಎಲ್ಲಿ ಟ್ಯಾಕ್ಸ್ ಕಟ್ತಾರ್ರಿ, ಬರೇ ಪುಕ್ಕಟೆ ಕೇಳ್ತಾರ" ಅಂದರು. ನಾನು ಸುಮ್ಮನೆ ನನ್ನ ಬಿಲ್ಲು ಅವರ ಮುಂದಿಟ್ಟೆ. ಕೀಟನಾಶಕಕ್ಕೆ ಜಿಎಸ್‌ಟಿ ಶೇ. 18. ಸಾವಿರ ರೂಪಾಯಿ ಮಾಲಿಗೆ ನೂರಾ ಎಂಬತ್ತು. 2025ರ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರಿನದು 12ರಿಂದ 5ಕ್ಕೆ ಇಳಿಯಿತು, ಖರೇ. ಎಣ್ಣೆಯದು ಇಳಿಯಲಿಲ್ಲ. ಡೀಸೆಲ್ ಮೇಲೆ ಕೇಂದ್ರದ್ದೊಂದು, ರಾಜ್ಯದ್ದೊಂದು ತೆರಿಗೆ. ಇದರಾಗ ಬಡವ, ಸಾವ್ಕಾರ ಅಂತ ಫರಕ್ ಇಲ್ಲ.

ಆ "ಪುಕ್ಕಟೆ" ಅನ್ನೋ ಮಾತು ಚುಚ್ಚಿತು. ಹೋದ ಮಳೆಗಾಲದಾಗ ಸೋಯಾ ಕಳೆ ತೆಗೆಯುವಾಗ ಅಣ್ಣನ ಮಗನಿಗೆ ಹಾವು ಕಡೀತು. ದಾರಿಯಲ್ಲಿದ್ದ ಒಂದು ಸರ್ಕಾರಿ ದವಾಖಾನೆಗೆ ಒಯ್ದೆವು. ಆ ಹೊತ್ತಿಗೆ ಡಾಕ್ಟರ್ ಇಲ್ಲ. ಸಿಸ್ಟರ್ ಒಬ್ಬಾಕಿನೇ ಪಾಪ, ಎಷ್ಟು ಮಂದಿನ ನೋಡ್ಯಾಳು? ಜೀಪು ಮಾಡಿ ಬೀದರಿಗೆ ಓಡಿದೆವು. ದಾರಿ ತುಂಬ ಅವನ ಕಣ್ಣುರೆಪ್ಪೆ ಮುಚ್ಚತಿದ್ದವು, ನಾನು ಹೆಸರು ಹಿಡಿದು ಕರೀತಾನೇ ಇದ್ದೆ. ಉಳಿದ. ಜೀಪಿನ ಬಾಡಿಗೆಗೆ ಮಾಡಿದ ಸಾಲ ಉದ್ದಿನ ರಾಶಿ ಆದಮೇಲೆ ತೀರಿತು.

ಡಾಕ್ಟರ್ ಯಾಕಿಲ್ಲ ಅಂದರೆ ಸರ್ಕಾರದಾಗ ರೊಕ್ಕ ಇಲ್ಲ ಅಂತಾರ. ರೊಕ್ಕ ಇದ್ದವರ ಹತ್ತಿರ ಕೇಳೋದು ಬಿಟ್ಟೀವಿ ನಾವು. 1957ರಿಂದ ಸಂಪತ್ತಿನ ತೆರಿಗೆ ಅಂತ ಒಂದಿತ್ತು, ಕೊನೆಗೆ 30 ಲಕ್ಷ ಮೀರಿದ ಆಸ್ತಿಗೆ ಶೇ. 1. 2015ರ ಬಜೆಟ್ಟಿನಲ್ಲಿ ತೆಗೆದರು. ಬರೋದು ಕಡಿಮೆ, ವಸೂಲಿ ಖರ್ಚು ಜಾಸ್ತಿ ಅನ್ನೋದು ಕಾರಣ. ಬದಲಿಗೆ ಕೋಟಿ ಮೀರಿದ ಆದಾಯದ ಮೇಲೆ ಶೇ. 2 ಸರ್ಚಾರ್ಜ್ ಹಾಕಿದರು, ಅದನ್ನೂ ಹೇಳಬೇಕು. ಆದರೆ ಬರೋದು ಕಡಿಮೆ ಆಗಿದ್ದು ಯಾಕೆ? ಷೇರುಗಳನ್ನು 1993ರಲ್ಲೇ ಹೊರಗಿಟ್ಟಿದ್ದರು, ದೊಡ್ಡವರ ಗಂಟು ಇರೋದೇ ಅಲ್ಲಿ. ಪೈಪು ಸೋರತದ ಅಂತ ಮೋಟರೇ ಕಿತ್ತಿಟ್ಟಂಗಾತು. 2019ರಲ್ಲಿ ಕಂಪನಿಗಳ ತೆರಿಗೆಯನ್ನೂ 30ರಿಂದ 22ಕ್ಕೆ ಇಳಿಸಿದರು.

ಈಗ ನಮ್ಮೋರಿಗೇ ಸಿಟ್ಟು ಬರೋ ಮಾತು. ಒಕ್ಕಲುತನದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ನನ್ನ ಐದು ಎಕರೆಗೂ ಇಲ್ಲ, ನೂರು ಎಕರೆಗೂ ಇಲ್ಲ. ಪಟ್ಟಣದಾಗ ಕುಂತು ಬೇರೆ ಗಳಿಕೆಯನ್ನ ಹೊಲದ್ದು ಅಂತ ತೋರಿಸೋರು ಈ ನೆರಳಿನಾಗೇ ಇದ್ದಾರ. 1972ರಲ್ಲಿ ಕೆ.ಎನ್. ರಾಜ್ ಸಮಿತಿ ದೊಡ್ಡ ಹಿಡುವಳಿಗೆ ತೆರಿಗೆ ಹಾಕ್ರಿ ಅಂದಿತ್ತು, ಯಾರೂ ಮುಟ್ಟಲಿಲ್ಲ. ಹಾಕಬೇಕು ಅಂತೀನಿ ನಾನು.

ಕಟ್ಟೆ ಮ್ಯಾಲ ಇದನ್ನ ಅಂದಾಗ ನಮ್ಮ ಕಾಕಾ, "ಇವತ್ತು ನೂರು ಎಕರೆಯವಗ ಕೇಳ್ತಾರ, ನಾಳೆ ನಿನಗ ಬಿಡ್ತಾರೇನಲೇ?" ಅಂದರು. ಅವರ ಅಂಜಿಕೆ ಸುಳ್ಳಲ್ಲ. ಮಿತಿ ಎಷ್ಟು ಅಂತ ಕಾಯ್ದೆಯಲ್ಲೇ ಬರೀಬೇಕು ಅಂದೆ. "ಬರೆಯೋರು ಯಾರು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೋಡ ಹಾಕ್ಯದ. ಎಣ್ಣೆ ನಾಳೆ ಮುಂಜಾನೆ ಹೊಡೀತೀನಿ. ಅಣ್ಣನ ಮಗನೂ ಬರ್ತೀನಿ ಅಂದಾನ, ಗಮ್‌ಬೂಟು ಹಾಕ್ಕೊಂಡೇ ಬಾ ಅಂತ ಹೇಳೀನಿ.