ಬೆಳಗಿನ ತಲೆನೋವೆಲ್ಲ ಪಿತ್ತವಲ್ಲ

ಮಗು ಬೆಳಿಗ್ಗೆ ಎದ್ದೊಡನೆ ತಲೆನೋವೆಂದು ಅತ್ತು ವಾಂತಿ ಮಾಡಿಕೊಂಡರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ‘ಪಿತ್ತ ಕೆರಳಿದೆ’ ಎನ್ನುವುದು ವಾಡಿಕೆ. ನಿಂಬೆರಸ ಕುಡಿಸುತ್ತಾರೆ, ದೃಷ್ಟಿ ತೆಗೆಯುತ್ತಾರೆ, ಆಮೇಲೆ ಕನ್ನಡಕ ಕೊಡಿಸುತ್ತಾರೆ. ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಎಲ್ಲೋ ಒಂದು ಮಗುವಿನ ನೋವು ಮಾತ್ರ ದಿನದಿನಕ್ಕೆ ಹೆಚ್ಚುತ್ತದೆ. ಅದು ಮೆದುಳಿನ ಗೆಡ್ಡೆ ಇರಬಹುದು.

‘ಹಿಂದೆಲ್ಲ ಈ ಕಾಯಿಲೆ ಇತ್ತೇ?’ ಎಂದು ಹಿರಿಯರು ಕೇಳುತ್ತಾರೆ. ಇತ್ತು, ಆದರೆ ಕಾಣುತ್ತಿರಲಿಲ್ಲ. 1980ರ ದಶಕದ ನಡುವೆ ಅಮೆರಿಕದಲ್ಲಿ ಮಕ್ಕಳ ಮೆದುಳುಗೆಡ್ಡೆಯ ಪ್ರಮಾಣ ಒಮ್ಮೆಲೇ ಏರಿತು. ಎಂ.ಆರ್.ಐ. ಯಂತ್ರ ಬಳಕೆಗೆ ಬಂದದ್ದೂ ಆಗಲೇ. ಏರಿಕೆಗೆ ಮುಖ್ಯ ಕಾರಣ ಉತ್ತಮ ಪತ್ತೆಯೇ ಎಂದು 1998ರಲ್ಲಿ ಸಂಶೋಧಕರು ವಿವರಿಸಿದರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ಆದರೆ ಅದರ ಪ್ರಮಾಣದ ಲೆಕ್ಕ ನಗರವಾಸಿಗಳದು. ಪಾವಗಡದ ಮಗು ಅದರಲ್ಲಿ ಸೇರದು.

ಇಲ್ಲಿನ ಕೊಳವೆಬಾವಿಗಳ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುವುದು ನಿಜ. ಗೆಡ್ಡೆಗೆ ಅದೇ ಕಾರಣವೆನ್ನಲು ಆಧಾರವಿಲ್ಲ. ಹೆಚ್ಚಿನ ಮಕ್ಕಳಲ್ಲಿ ಕಾರಣವೇ ತಿಳಿಯುವುದಿಲ್ಲ. ಹೆತ್ತವರು ತಮ್ಮನ್ನು ತಾವೇ ಶಪಿಸಿಕೊಳ್ಳಬೇಕಿಲ್ಲ.

ತಲೆಬುರುಡೆ ಮುಚ್ಚಿದ ಪೆಟ್ಟಿಗೆಯಂತೆ. ಹಿಂಬದಿಯ ಗೆಡ್ಡೆ ಮೆದುಳಿನ ದ್ರವದ ದಾರಿಯನ್ನು ತಡೆದರೆ ಒಳಗಿನ ಒತ್ತಡ ಏರುತ್ತದೆ. ರಾತ್ರಿ ಮಲಗಿದಾಗ ಇನ್ನೂ ಹೆಚ್ಚುತ್ತದೆ. ಅದಕ್ಕೇ ಬೆಳಗಿನ ನೋವು. ವಾಂತಿಯಾದ ಮೇಲೆ ಎಷ್ಟೋ ಸಲ ನೋವು ಇಳಿಯುತ್ತದೆ, ಮಗು ಶಾಲೆಗೂ ಹೋಗುತ್ತದೆ. ಮನೆಯವರು ಮೋಸಹೋಗುವುದು ಇಲ್ಲೇ. ನಡಿಗೆ ತೂರಾಡುವುದು, ಹೊಸದಾಗಿ ಮೆಳ್ಳೆಗಣ್ಣು, ಒಂದು ಎರಡಾಗಿ ಕಾಣುವುದು, ಅಕ್ಷರ ಕೆಡುವುದು ಇವೂ ಸೂಚನೆಗಳೇ. ಅಕ್ಷರ ಕೆಟ್ಟಿತೆಂದು ಬೈಯುವ ಮುನ್ನ ಯೋಚಿಸಬೇಕು.

ಶ್ರೀಮಂತ ದೇಶಗಳಲ್ಲಿ ಮೆದುಳುಗೆಡ್ಡೆಯ ನಾಲ್ವರು ಮಕ್ಕಳಲ್ಲಿ ಸುಮಾರು ಮೂವರು 5 ವರ್ಷ ದಾಟುತ್ತಾರೆ. ಗೆಡ್ಡೆಯ ಜಾತಿಯ ಮೇಲೆ ಇದು ಬದಲಾಗುತ್ತದೆ. ನಮ್ಮಲ್ಲಿ ತಡವಾದ ಪತ್ತೆ, ಅರ್ಧಕ್ಕೆ ಬಿಟ್ಟ ಚಿಕಿತ್ಸೆ ಎರಡೂ ಜೀವ ತೆಗೆಯುತ್ತವೆ. ಶಸ್ತ್ರಚಿಕಿತ್ಸೆಯ ನಂತರ ಕೆಲವು ಗೆಡ್ಡೆಗಳಿಗೆ ಸುಮಾರು 6 ವಾರ ವಿಕಿರಣ ಬೇಕು. ಪಾವಗಡದಿಂದ ಬೆಂಗಳೂರು 150 ಕಿ.ಮೀ.ಗೂ ದೂರ. ಕಡಲೆಕಾಯಿ ಕೀಳುವ ಕಾಲ ಬಂತು, ಮಗು ಗೆಲುವಾಗಿದೆ ಎಂದು ಊರಿಗೆ ಮರಳಿದರೆ ಉಳಿದ ಗೆಡ್ಡೆ ಮತ್ತೆ ಬೆಳೆಯಬಹುದು.

ಬ್ರಿಟನ್ನಿನಲ್ಲಿ 2011ರಿಂದ ಪಾಲಕರಿಗೂ ವೈದ್ಯರಿಗೂ ಈ ಲಕ್ಷಣಗಳ ತಿಳಿವಳಿಕೆ ಕೊಡಲಾಯಿತು. ಪತ್ತೆಗೆ ಹಿಡಿಯುವ ಕಾಲ ಕಡಿಮೆಯಾಯಿತು. ಅದಕ್ಕೆ ಹೊಸ ಔಷಧ ಬೇಕಾಗಲಿಲ್ಲ. ಬೆಳಗಿನ ತಲೆನೋವು, ವಾಂತಿ ಎರಡು ವಾರ ಮರುಕಳಿಸಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ‘ಸ್ಕ್ಯಾನ್ ಬೇಕೇ?’ ಎಂದು ಕೇಳಿ. ನಡಿಗೆ, ನೋಟ ಕೆಟ್ಟಿದ್ದರೆ ಅಷ್ಟೂ ಕಾಯಬೇಡಿ.