ಅಟ್ಟದ ಮೇಲಿನ ಶಸ್ತ್ರಚಿಕಿತ್ಸಾಲಯ

ಲಂಡನ್ ನಗರಕ್ಕೆ ಹೋದವರು ಅರಮನೆ, ಗಡಿಯಾರದ ಗೋಪುರ ಮೊದಲಾದುವನ್ನು ನೋಡಿ ಬರುವುದು ವಾಡಿಕೆ. ನಾವು ಹೋದಾಗ ನಮ್ಮ ಮೇಲೆ ಬೇರೊಂದು ಹೊಣೆಯಿತ್ತು. ನಮ್ಮ ತಂಗಿಯ ಮಗಳು ಹಾಸನದಲ್ಲಿ ದಾದಿಯ ವಿದ್ಯೆ ಕಲಿತವಳು. ಲಂಡನ್ನಿನ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಕೆಲಸಕ್ಕೆ ಸೇರಿ ಆಗ ಮೂರು ತಿಂಗಳಾಗಿತ್ತು. ದೂರವಾಣಿಯಲ್ಲಿ ಅವಳ ದನಿ ದಿನೇ ದಿನೇ ಕುಗ್ಗುತ್ತ ಬಂದುದರಿಂದ ತಾಯಿಗೆ ದಿಗಿಲು ಹುಟ್ಟಿತು. "ಅಕ್ಕಾ, ನೀವಿಬ್ಬರೂ ಹೇಗೂ ಹೋಗುತ್ತೀರಿ. ಬರುವಾಗ ಅವಳನ್ನೂ ಕರೆತಂದುಬಿಡಿ" ಎಂದು ಕಣ್ಣೀರಿಟ್ಟಳು.

ರಜೆಯ ದಿನ ಹುಡುಗಿ ನಮ್ಮನ್ನು ಲಂಡನ್ ಬ್ರಿಜ್ ರೈಲು ನಿಲ್ದಾಣದ ಬಳಿ ಇರುವ ಸೇಂಟ್ ಥಾಮಸ್ ಚರ್ಚಿಗೆ ಕರೆದೊಯ್ದಳು. ಮೇಲಕ್ಕೆ 52 ಮೆಟ್ಟಿಲುಗಳ ಇಕ್ಕಟ್ಟಾದ ಸುರುಳಿ ಸೋಪಾನ. ನಮ್ಮ ವಯಸ್ಸಿನವರಿಗೆ ಅದು ಸುಲಭವಲ್ಲ. ನಡುವೆ ಎರಡು ಸಲ ನಿಂತೆವು. ಹತ್ತಿದ ಮೇಲೆ ಸಿಗುವುದು ಹಿಂದೆ ಆಸ್ಪತ್ರೆಯವರು ಔಷಧಿಯ ಮೂಲಿಕೆಗಳನ್ನು ಒಣಗಿಸುತ್ತಿದ್ದ ಅಟ್ಟ. ಅಲ್ಲಿಯೇ 1822ರಲ್ಲಿ ಕಟ್ಟಿದ ಶಸ್ತ್ರಚಿಕಿತ್ಸಾಲಯವಿದೆ. ಅದಕ್ಕೆ ಮುಂಚೆ ಹೆಂಗಸರ ವಾರ್ಡಿನಲ್ಲೇ, ಉಳಿದ ರೋಗಿಗಳ ಕಣ್ಣೆದುರಿಗೇ, ಶಸ್ತ್ರಕ್ರಿಯೆ ನಡೆಯುತ್ತಿತ್ತಂತೆ.

ಕುದುರೆಯ ಲಾಳದ ಆಕಾರದಲ್ಲಿ ಮರದ ಕಟ್ಟೆಗಳು ಒಂದರ ಮೇಲೊಂದು ಏರಿವೆ. ವಿದ್ಯಾರ್ಥಿಗಳು ಅಲ್ಲಿ ಒತ್ತೊತ್ತಾಗಿ ನಿಂತು ನೋಡುತ್ತಿದ್ದರು. ಇದಕ್ಕೆ ಥಿಯೇಟರ್, ಎಂದರೆ ನಾಟಕಶಾಲೆ, ಎಂಬ ಹೆಸರು ಏಕೆ ಬಂದಿತೆಂದು ನಮಗೆ ಅಂದೇ ತಿಳಿದುದು. ನಡುವೆ ಒಂದು ಮರದ ಮೇಜು; ಮೇಲೆ ಗಾಜಿನ ಮಾಡಿನಿಂದ ಬೀಳುವ ಬೆಳಕು; ಕೆಳಗೆ ರಕ್ತವನ್ನು ಹೀರಲು ಮರದ ಹೊಟ್ಟಿನ ಪೆಟ್ಟಿಗೆ. ಲಂಡನ್ನಿನ ಶಸ್ತ್ರವೈದ್ಯರು ಈಥರಿನಿಂದ ರೋಗಿಯ ಪ್ರಜ್ಞೆ ತಪ್ಪಿಸಲು ತೊಡಗಿದುದು 1846ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಇಲ್ಲಿ ಎಚ್ಚರವಾಗಿರುವ ಹೆಂಗಸನ್ನು ಹಿಡಿದುಕೊಂಡೇ ಕೊಯ್ಯಬೇಕಾಗಿತ್ತು. ವೈದ್ಯನ ಜಾಣ್ಮೆಯೆಲ್ಲ ಅವನ ಕೈಯ ವೇಗದಲ್ಲಿತ್ತು. ನಂಜನ್ನು ತಡೆಯುವ ವಿಧಾನವನ್ನು ಲಿಸ್ಟರನು ಪ್ರಕಟಿಸಿದುದು 1867ರಲ್ಲಿ. ಆಸ್ಪತ್ರೆ ಸ್ಥಳ ಬಿಟ್ಟು ಹೋದುದರಿಂದ 1862ರಲ್ಲೇ ಈ ಕೋಣೆ ಮುಚ್ಚಿಹೋಗಿತ್ತು. ಆಮೇಲೆ ಇದನ್ನು ಎಲ್ಲರೂ ಮರೆತರು; 1956ರಲ್ಲಿ ಮತ್ತೆ ಕಂಡುಹಿಡಿದರು.

ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನ ದಾದಿಯರ ಶಾಲೆ 1860ರಲ್ಲಿ ಆರಂಭವಾದುದೂ ಈ ಆಸ್ಪತ್ರೆಯಲ್ಲೇ. ಅದನ್ನು ಹೇಳುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ತನ್ನ ಮಾತಿಗೆ ಬಂದಳು.

"ದೊಡ್ಡಮ್ಮ, ನನ್ನ ಕೆಲಸದಲ್ಲಿ ಅರ್ಧ ಎಣಿಕೆಯೇ" ಎಂದಳು. ರಕ್ತ ಒರೆಸುವ ಬಟ್ಟೆಗಳು ಐದೈದರ ಕಟ್ಟಾಗಿ ಬರುತ್ತವೆ; ಎಕ್ಸ್-ರೇಯಲ್ಲಿ ಕಾಣುವಂಥ ಎಳೆಯೊಂದನ್ನು ಪ್ರತಿಯೊಂದರಲ್ಲೂ ನೆಯ್ದಿರುತ್ತಾರೆ. ಕೊಯ್ಯುವ ಮೊದಲು ಇಬ್ಬರು ದಾದಿಯರು ಗಟ್ಟಿಯಾಗಿ ಎಣಿಸಿ ಗೋಡೆಯ ಹಲಗೆಯಲ್ಲಿ ಬರೆಯಬೇಕು. ಹೊಟ್ಟೆಯನ್ನು ಹೊಲಿಯುವ ಮೊದಲು ಪುನಃ ಎಣಿಸಬೇಕು. ಚರ್ಮ ಹೊಲಿಯುವಾಗ ಇನ್ನೊಮ್ಮೆ. ಐದನೆಯ ವಾರದಲ್ಲಿ ಒಂದು ದಿನ ಅವಳ ಎಣಿಕೆಗೆ ಒಂದು ಬಟ್ಟೆ ಕಡಮೆ ಬಂದಿತು. ವೈದ್ಯರು ಸೂಜಿ ಹಿಡಿದಿದ್ದರು. "ನೀನೇ ತಪ್ಪೆಣಿಸಿದ್ದೀಯೆ" ಎಂದು ಗದರಿದರು.

"ನನ್ನ ಬಾಯಿ ಒಣಗಿಹೋಯಿತು ದೊಡ್ಡಮ್ಮ. ಆದರೂ, ಒಂದು ಸಿಕ್ಕಿಲ್ಲ, ದಯವಿಟ್ಟು ಹೊಲಿಯಬೇಡಿ ಎಂದೆ."

ಹಿರಿಯ ದಾದಿಯೊಬ್ಬಳು ಬಂದು ಪಕ್ಕದಲ್ಲಿ ನಿಂತಳು. ಎಲ್ಲರೂ ಹುಡುಕಿದರು. ಬಟ್ಟೆ ರೋಗಿಗೆ ಹೊದಿಸಿದ್ದ ಹೊದಿಕೆಯ ಮಡಿಕೆಯಲ್ಲಿ ಸಿಕ್ಕಿತು. ಹೊಟ್ಟೆಯೊಳಗೆ ಇರಲಿಲ್ಲವಷ್ಟೆ! ಎಲ್ಲರ ಸಮಯವನ್ನೂ ಹಾಳುಮಾಡಿದೆನೆಂಬ ನಾಚಿಕೆಯಿಂದ ಹುಡುಗಿ ಆ ರಾತ್ರಿ ಊಟ ಮಾಡಲಿಲ್ಲವಂತೆ. ದನಿ ಕುಗ್ಗಲು ತೊಡಗಿದುದು ಅಂದಿನಿಂದ. ನಮ್ಮ ಮಟ್ಟಿಗೆ ಹೇಳುವುದಾದರೆ, ಆ ಮೇಜಿನ ಮೇಲೆ ಮಲಗುವ ಪ್ರಸಂಗ ನಮಗೆ ಬಂದರೆ ನಾಚಿಕೆಗೆ ಹೆದರದೆ ಎಣಿಸುವ ಇಂಥವಳೇ ಪಕ್ಕದಲ್ಲಿರಲಿ ಎಂದು ನಮಗೆನ್ನಿಸಿತು. ಅದನ್ನು ಅವಳಿಗೆ ಹೇಳಿಯೂ ಬಿಟ್ಟೆವು.

"ಆ ವೈದ್ಯರು ಈಗ ಏನೆನ್ನುತ್ತಾರೆ?" ಎಂದು ಕೇಳಿದೆವು.

"ಏನೂ ಅನ್ನುವುದಿಲ್ಲ. ಹೊಲಿಯುವ ಮೊದಲು ನನ್ನ ಕಡೆ ನೋಡಿ, ಸರಿಯಿದೆಯೆಂದು ನಾನು ಹೇಳುವವರೆಗೂ ಕಾಯುತ್ತಾರೆ."

ಮರುದಿನ ಬೆಳಗ್ಗೆಯೇ ಅವಳಿಗೆ ಕೆಲಸವಿದ್ದುದರಿಂದ ಬೇಗನೆ ಕೆಳಗಿಳಿದೆವು. ಆ ರಾತ್ರಿ ಅವಳ ತಾಯಿಗೆ ದೂರವಾಣಿ ಮಾಡಿ, ಮಗಳು ನಮ್ಮೊಡನೆ ಬರುವುದಿಲ್ಲವೆಂದು ನಾವೇ ತಿಳಿಸಿದೆವು.