ಖಾಲಿ ಪೀಠದ ಎದುರು ಟೇಪು ಹಿಡಿದು

ಬೆಳಗಿನ ಎಂಟಕ್ಕೇ ಕಲ್ಲು ಕಾಯತೊಡಗಿದೆ. ಕನಗನಹಳ್ಳಿಯ ಬೌದ್ಧ ಸ್ತೂಪ, ಮಹಾಚೈತ್ಯದ ಅಂಗಳ. ಸುತ್ತ ತೊಗರಿ ಹೊಲ, ಆಚೆ ಭೀಮಾ ನದಿಯ ಹಸಿರು ಗೆರೆ. ಸುಣ್ಣಕಲ್ಲಿನ ಒಂದು ಫಲಕದ ಮುಂದೆ ಹುಡುಗಿಯೊಬ್ಬಳು ಮೊಣಕಾಲೂರಿ ಕೂತಿದ್ದಾಳೆ. ಒಂದು ಕೈಯಲ್ಲಿ ಅಳತೆಯ ಟೇಪು, ಇನ್ನೊಂದರಲ್ಲಿ ಪೆನ್ಸಿಲು, ತೊಡೆಯ ಮೇಲೆ ಸ್ಕೆಚ್ ಪುಸ್ತಕ.

"ಕಲ್ಲ ಮುಟ್ಟಬ್ಯಾಡ್ರಿ ಮೇಡಂ!" ಕಾವಲಿನವರು ದೂರದಿಂದಲೇ ಕೂಗುತ್ತಾರೆ.

"ಮುಟ್ಟಲ್ರಿ ಅಣ್ಣ, ಬರೇ ನೋಡ್ಲತ್ತೀನಿ."

ಅವಳು ಕಲಬುರಗಿಯಲ್ಲಿ ಒಳಾಂಗಣ ವಿನ್ಯಾಸ ಓದುತ್ತಿರುವವಳು. ಊರು ಚಿತ್ತಾಪುರ ತಾಲ್ಲೂಕಿನದೇ ಒಂದು ಹಳ್ಳಿ. ಈ ಸೆಮಿಸ್ಟರಿನ ಸ್ಟುಡಿಯೋ ಕೆಲಸಕ್ಕೆ ತರಗತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಾವ ಕೊಟ್ಟಿದ್ದಾರೆ. ಕೊಟ್ಟ ಭಾವವನ್ನು 12 ಅಡಿ ಅಗಲ, 14 ಅಡಿ ಉದ್ದದ ಕೋಣೆಯಾಗಿ ಮಾಡಬೇಕು, ಅದರಲ್ಲಿ ಮನುಷ್ಯರು ದಿನವೂ ಬಾಳುವಂತಿರಬೇಕು. ಒಬ್ಬನಿಗೆ ಚಲನೆ, ಒಬ್ಬಳಿಗೆ ಮೌನ. ಇವಳ ಪಾಲಿಗೆ ಬಂದದ್ದು 'ಇಲ್ಲದಿರುವುದು'. ಎಲ್ಲರಿಗೂ ಮೊದಲು ಹೊಳೆಯುವುದೇ ಇವಳಿಗೂ ಹೊಳೆದಿತ್ತು: ಬಿಳಿ ಗೋಡೆ, ಬರಿ ನೆಲ, ಒಂದು ಖಾಲಿ ಚೌಕಟ್ಟು. ಅದನ್ನು ನೋಡಿದ ಶಿಕ್ಷಕಿ, "ಸಾಮಾನು ಬರುವ ಮೊದಲು ಎಲ್ಲ ಮನೆಯೂ ಹೀಗೇ ಇರುತ್ತದಲ್ಲ" ಎಂದರಂತೆ. ಅದಕ್ಕೇ ಇವತ್ತು ವಾಡಿಯಲ್ಲಿ ರೈಲು ಬದಲಿಸಿ ನಾಲವಾರದಲ್ಲಿ ಇಳಿದು ಇಲ್ಲಿಗೆ ಬಂದಿದ್ದಾಳೆ.

ಅವಳ ಹೆಗಲ ಮೇಲಿಂದ ನೀವೂ ಬಗ್ಗಿ ನೋಡಿ. ಫಲಕದ ನಡುವೆ ಒಂದು ಪೀಠ. ಪೀಠದ ಹಿಂದೆ ಬೋಧಿವೃಕ್ಷ, ಎಲೆಗಳನ್ನು ಒಂದೊಂದಾಗಿ ಬಿಡಿಸಿ ಕೆತ್ತಿದ್ದಾರೆ. ಪೀಠದ ಕೆಳಗೆ ಎರಡು ಪಾದದ ಗುರುತು. ಎರಡೂ ಬದಿಗೆ ಕೈಮುಗಿದ ಜನ. ಪೀಠದ ಮೇಲೆ ಮಾತ್ರ ಯಾರೂ ಇಲ್ಲ.

ಹುಡುಗಿ ಪುಸ್ತಕದಲ್ಲಿ ಪೀಠವನ್ನು ಬರೆಯುವುದಿಲ್ಲ, ಮರವನ್ನೂ ಬರೆಯುವುದಿಲ್ಲ. ಕೈಮುಗಿದವರ ಕಣ್ಣಿನಿಂದ ಒಂದೊಂದು ಬಾಣದ ಗೆರೆ ಎಳೆಯುತ್ತಾಳೆ. ನಿಂತವನ ಕಣ್ಣಿಂದ ಒಂದು, ಮಂಡಿಯೂರಿದವಳ ಕಣ್ಣಿಂದ ಇನ್ನೊಂದು, ಮೂಲೆಯಲ್ಲಿ ಕತ್ತು ಎತ್ತಿದವನಿಂದ ಮತ್ತೊಂದು. ಗೆರೆಗಳೆಲ್ಲ ಪೀಠದ ಮೇಲಿನ ಬಯಲಿನಲ್ಲಿ, ಕೂತ ಮನುಷ್ಯನ ಮುಖ ಇರಬೇಕಾದ ಎತ್ತರದಲ್ಲಿ ಹೋಗಿ ಕೂಡುತ್ತವೆ. ಶಿಲ್ಪಿ ಅಲ್ಲಿ ಏನೂ ಕೆತ್ತಿಲ್ಲ. ಆದರೂ ಆ ಜಾಗಕ್ಕೆ ಎತ್ತರವಿದೆ, ಅಗಲವಿದೆ, ಮುಖ ಯಾವ ಕಡೆಗೆ ಎಂಬುದೂ ಗೊತ್ತಾಗುತ್ತದೆ. ಸುತ್ತಲಿನವರು ನಿಂತ ರೀತಿಯೇ ಇದನ್ನೆಲ್ಲ ತೋರಿಸಿಕೊಟ್ಟಿದೆ.

ಹುಡುಗಿ ಪೆನ್ಸಿಲು ಕೆಳಗಿಟ್ಟು ಸುಮ್ಮನೆ ನೋಡುತ್ತಾಳೆ.

ಸಾಂಚಿಯಲ್ಲೂ ಅಮರಾವತಿಯಲ್ಲೂ ಹೀಗೇ ಇದೆ. ಸಾಂಚಿಯ ಪೂರ್ವ ತೋರಣದಲ್ಲಿ ಸವಾರನಿಲ್ಲದ ಕುದುರೆಗೆ ಕೊಡೆ ಹಿಡಿದಿದ್ದಾರೆ. ಇಂಥ ಫಲಕಗಳು ಬುದ್ಧನನ್ನು ಗುರುತುಗಳ ಮೂಲಕ ತೋರಿಸುತ್ತವೆಯೋ, ಬುದ್ಧ ಕೂತಿದ್ದ ಜಾಗಕ್ಕೆ ಆಮೇಲೆ ಬಂದ ಯಾತ್ರಿಕರನ್ನು ತೋರಿಸುತ್ತವೆಯೋ ಎಂದು ವಿದ್ವಾಂಸರಲ್ಲಿ ವಾದವಿದೆ. ಕಲಾ ಇತಿಹಾಸಕಾರ್ತಿ ಸೂಸನ್ ಹಂಟಿಂಗ್ಟನ್ ಎರಡನೆಯ ಪಕ್ಷದವರು. ಕೋಣೆ ಕಟ್ಟಬೇಕಾದವಳಿಗೆ ಎರಡೂ ಒಂದೇ. ಒಬ್ಬರು ಎದ್ದು ಹೋದ ಜಾಗವನ್ನು ಉಳಿದವರು ಹೇಗೆ ಕಾಯ್ದುಕೊಳ್ಳುತ್ತಾರೆ ಎನ್ನುವುದು ಅವಳಿಗೆ ಬೇಕಾದದ್ದು. ಕನಗನಹಳ್ಳಿಯ ಇದೇ ನೆಲದಲ್ಲಿ ಮುಂದಿನ ಕಾಲದ ಬುದ್ಧ ವಿಗ್ರಹಗಳೂ ಸಿಕ್ಕಿವೆ, ಮನುಷ್ಯರೂಪ ಕೆತ್ತುವ ಕೈಗಳಿಗೆ ಇಲ್ಲಿ ಬರವಿರಲಿಲ್ಲ. ಇದೇ ಸ್ತೂಪದ ಇನ್ನೊಂದು ಫಲಕದಲ್ಲಿ ರಾಣಿಯೊಂದಿಗೆ ನಿಂತ ರಾಜನಿದ್ದಾನೆ, ಹಿಂದೆ ಚಾಮರ, ಮೇಲೆ ಛತ್ರಿ. ಅದರ ಮೇಲಿನ ಬ್ರಾಹ್ಮಿ ಅಕ್ಷರಗಳು ಅವನನ್ನು 'ರಾಯ ಅಸೋಕೋ' ಎಂದು ಹೆಸರಿಟ್ಟು ಕರೆದಿವೆ. ಪೀಠದ ಮೇಲಿನದು ಕೆತ್ತಬಲ್ಲವರು ಬೇಕೆಂದೇ ಬಿಟ್ಟ ಬಯಲು. ವಿನ್ಯಾಸ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

ಈಗ ಎದ್ದು ಸ್ತೂಪವನ್ನು ಬಲಕ್ಕೆ ಇಟ್ಟುಕೊಂಡು ಒಂದು ಸುತ್ತು ಬನ್ನಿ. 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಉತ್ಖನನ ನಡೆಯುವವರೆಗೆ ಇದೆಲ್ಲ ಮಣ್ಣಿನಡಿ ಇತ್ತು. ಶಾಸನಗಳು ಇದನ್ನು 'ಅಧೋಲೋಕ ಮಹಾಚೈತ್ಯ' ಎನ್ನುತ್ತವೆ. ಕ್ರಿಸ್ತಪೂರ್ವದಿಂದ ಶಾತವಾಹನರ ಕಾಲದವರೆಗೆ ಬೆಳೆದ ಕಟ್ಟಡ. ಕಲ್ಲು ಕೊಡಿಸಿದ ಗೃಹಸ್ಥರು, ಭಿಕ್ಷುಗಳು, ಭಿಕ್ಷುಣಿಯರು ತಂತಮ್ಮ ಹೆಸರನ್ನು ಆ ಕಲ್ಲಿನ ಮೇಲೇ ಬರೆಸಿದ್ದಾರೆ. ನಡೆಯುತ್ತಾ ಹೋದಂತೆ ಹುಡುಗಿಗೆ ಒಂದು ಪ್ರಶ್ನೆ ಏಳುತ್ತದೆ.

"ಇದರ ಒಳಗ ಹೋಗೋದು ಎಲ್ಲಿಂದರಿ?"

"ಒಳಗ ಏನದ ಮೇಡಂ? ಒಳಗ ಮಣ್ಣು, ಇಟ್ಟಂಗಿ," ಕಾವಲಿನವರು ನಗುತ್ತಾರೆ.

ಅವರು ಹೇಳಿದ್ದು ಸರಿ. ಸ್ತೂಪಕ್ಕೆ ಬಾಗಿಲಿಲ್ಲ. ಒಳಾಂಗಣ ವಿನ್ಯಾಸ ಕಲಿಯಲು ಬಂದವಳು ಒಳಗೇ ಇಲ್ಲದ ಕಟ್ಟಡದ ಮುಂದೆ ನಿಂತಿದ್ದಾಳೆ! ಇದ್ದಬದ್ದ ಜಾಗವೆಲ್ಲ ಸುತ್ತಲಿನ ಪ್ರದಕ್ಷಿಣಾ ಪಥದಲ್ಲೇ ಇದೆ. ನಡೆಯುವವರ ಬಲಗಣ್ಣಿಗೆ ಫಲಕಗಳು ಒಂದರ ಹಿಂದೊಂದು ಬರುತ್ತವೆ, ಎಡಗಣ್ಣಿಗೆ ಬಯಲು. ಮಧ್ಯಕ್ಕೆ ಹೋಗಲಾಗದು, ಮಧ್ಯವನ್ನು ಬಿಟ್ಟು ದೂರ ಸರಿಯಲೂ ಆಗದು. ಕಟ್ಟಿದವರು ನಮ್ಮ ಕಾಲುಗಳಿಗೆ ಅಷ್ಟು ಮಾತ್ರ ದಾರಿ ಬಿಟ್ಟಿದ್ದಾರೆ. ಅವಳು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತಾಳೆ: "ನಡು ಬಿಡಬೇಕು. ದಾರಿ ಸುತ್ತ. ಕನಿಷ್ಠ 3 ಅಡಿ."

ಇಲ್ಲಿಂದ ಸನ್ನತಿ ಹತ್ತಿರ, ಹುಡುಗಿ ಅಲ್ಲಿಗೂ ಹೋಗುತ್ತಾಳೆ. ಚಂದ್ರಲಾಂಬೆಯ ಗುಡಿಯಲ್ಲಿ ಕುಂಕುಮ, ಕಾಯಿ, ಹೂವಿನ ಗದ್ದಲ, ಭೀಮಾ ನದಿಯಲ್ಲಿ ಮಿಂದು ಒದ್ದೆ ಸೀರೆಯಲ್ಲೇ ಬಂದ ಹೆಂಗಸರು. ಇದೇ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಕಲ್ಲುಮಣ್ಣು ತೆಗೆದಾಗ, ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಕ್ಷರ ಕಂಡವು. ಅದು ಅಶೋಕನ ಶಾಸನ, ಎರಡೂ ಬದಿಗೆ ಬರೆದದ್ದು. ಕಳಿಂಗದ ಧೌಲಿ, ಜೌಗಡಗಳಲ್ಲಿ ಸಿಕ್ಕ ಪ್ರತ್ಯೇಕ ಶಾಸನಗಳ ಪಾಠ ಈ ಭೀಮಾ ತೀರದಲ್ಲೂ ಸಿಕ್ಕಿತು. ವಿಗ್ರಹ ಕೂರಿಸಲು ಯಾವುದೋ ಕಾಲದಲ್ಲಿ ಕಲ್ಲಿನ ನಡುವೆ ಚೌಕವಾಗಿ ಕೊರೆದಿದ್ದರು, ಅಷ್ಟು ಭಾಗದ ಅಕ್ಷರ ಹೋಗಿವೆ. ಹುಡುಗಿ ಅದರ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡುತ್ತಾಳೆ. ಸಾಲು ಬಂದು ತೂತಿನ ಅಂಚಿಗೆ ನಿಲ್ಲುತ್ತದೆ, ಆಚೆ ಅಂಚಿನಿಂದ ಮತ್ತೆ ಹೊರಡುತ್ತದೆ. ಹೋದ ಅಕ್ಷರಗಳನ್ನು ವಿದ್ವಾಂಸರು ಇತರ ಊರಿನ ಪಾಠಗಳ ನೆರವಿನಿಂದ ತುಂಬಿಕೊಂಡು ಓದುತ್ತಾರೆ. ಇಲ್ಲದ್ದನ್ನು ಓದಲು ಅದರ ಅಂಚು ಗಟ್ಟಿಯಾಗಿರಬೇಕು, ಅಷ್ಟೆ.

ಹೊತ್ತು ಏರಿದೆ. ಈ ಸೀಮೆಯ ಬಿಸಿಲನ್ನು ಬಲ್ಲವರು ಹನ್ನೆರಡರ ಮೇಲೆ ಹೊರಗೆ ನಿಲ್ಲುವುದಿಲ್ಲ. ಊರೊಳಗೆ ಒಂದು ಹಳೇ ಮನೆಯ ಕಟ್ಟೆಯ ಮೇಲೆ ಕೂತ ಅಜ್ಜಿ ಕರೆಯುತ್ತಾಳೆ. "ಯಾರ ಮಗಳಬೇ ನೀನು? ಬಿಸಲಾಗ ಯಾಕ ತಿರಗ್ಲತ್ತೀ, ಒಳಗ ಬಾ, ನೀರ ಕುಡಿ."

ಹೊಸಿಲು ದಾಟಿದರೆ ಮೊದಲು ಕಾಲಿಗೆ ತಂಪು ತಗಲುತ್ತದೆ. ಚಪ್ಪಲಿ ಬಿಟ್ಟ ಪಾದದ ಕೆಳಗೆ ಶಹಾಬಾದಿನ ಪರಸಿ. ಗೋಡೆಯೂ ಅದೇ ಕಲ್ಲು, ಎರಡಡಿ ದಪ್ಪ. ತಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಾಸಿದ ಚಪ್ಪಡಿಗಳೂ ಅದೇ ಕಲ್ಲು. ಮಾಳಿಗೆಯ ಬೆಳಕಿಂಡಿಯಿಂದ ಒಂದೇ ಒಂದು ಬೆಳಕಿನ ಕೋಲು ಇಳಿದು ಪಡಸಾಲೆಯ ನೆಲದ ಮೇಲೆ ಬಿದ್ದಿದೆ. ಗೋಡೆಯ ಮಾಡದಲ್ಲಿ ಎಣ್ಣೆಯ ಕರಿ ಅಂಟಿದ ದೀಪ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸೀಮೆಯ ನೆಲದಡಿ ಈ ಸುಣ್ಣಕಲ್ಲು ಪದರ ಪದರವಾಗಿ ಇದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹದ ಭಾಗ ಎನ್ನುತ್ತಾರೆ. ಖಣಿಯಲ್ಲಿ ಉಳಿಯನ್ನು ಪದರದ ಸಂದಿಗೆ ಇಟ್ಟು ಸಾಲಾಗಿ ಬಡಿಯುತ್ತಾ ಹೋದರೆ, ಒಂದು ಹಂತದಲ್ಲಿ ಸದ್ದು ಬದಲಾಗುತ್ತದೆ. ಕಲ್ಲು ಸಡಿಲಾಯಿತು ಎಂದು ಅರ್ಥ, ಆಮೇಲೆ ಹಾರೆ ಹಾಕಿ ಎಬ್ಬಿಸುತ್ತಾರೆ. ಹೀಗೆ ಎದ್ದ ಎರಡಡಿ ಚೌಕದ, ಒಂದೂವರೆ ಇಂಚು ದಪ್ಪದ ಪರಸಿ 35 ಕಿಲೋದ ಮೇಲೆಯೇ ತೂಗುತ್ತದೆ. ಅದೇ ಕಲ್ಲನ್ನು ಪುಡಿಮಾಡಿ ಸುಟ್ಟು ವಾಡಿ, ಸೇಡಂ ಕಡೆಯ ಕಾರ್ಖಾನೆಗಳು ಸಿಮೆಂಟು ಮಾಡುತ್ತವೆ. ಎರಡು ಸಾವಿರ ವರ್ಷದ ಹಿಂದೆ ಖಾಲಿ ಪೀಠ ಕೆತ್ತಿದ್ದೂ ಸುಣ್ಣಕಲ್ಲಿನಲ್ಲೇ.

ಹುಡುಗಿಯ ಕಣ್ಣು ನೆಲದ ಒಂದು ಕಡೆ ನಿಂತುಬಿಟ್ಟಿದೆ. ಪಡಸಾಲೆಯ ಗೋಡೆಯಿಂದ ಒಂದು ಮೊಳ ಈಚೆ, ಪರಸಿಯ ಮೇಲೆ ದುಂಡನೆಯ ಗುರುತು. ಅಷ್ಟು ಜಾಗದ ಕಲ್ಲು ಉಳಿದದ್ದಕ್ಕಿಂತ ತುಸು ಬಿಳಿ. ಗುರುತಿನ ಎರಡೂ ಬದಿಗೆ ಕಲ್ಲು ಸವೆದು ನುಣುಪಾಗಿದೆ, ಬೆಳಕು ಬಿದ್ದಾಗ ಮಿನುಗುತ್ತದೆ. ಸುತ್ತ ಜೋಳದ ಚೀಲ, ಟ್ರಂಕು, ಮೊಮ್ಮಕ್ಕಳ ಶಾಲೆಯ ಬ್ಯಾಗು. ಆ ದುಂಡಿನ ಮೇಲೆ ಮಾತ್ರ ಏನೂ ಇಲ್ಲ.

"ಆಯಿ, ಇಲ್ಲಿ ಏನಿತ್ತರಿ?"

"ಬೀಸೋ ಕಲ್ಲ ಇತ್ತವ್ವ. ನಮ್ಮತ್ತಿ ಆ ಕಡಿ, ನಾ ಈ ಕಡಿ. ನಸಕಿನಾಗ ಎದ್ದು ಕುಂತ್ರ ಬೆಳಗಾಗೂತನ ಹಾಡಿ ಬೀಸತಿದ್ವಿ. ಊರಾಗ ಗಿರಣಿ ಬಂತು, ಕಲ್ಲ ಹಿತ್ತಲಕ ಹೋಯ್ತು."

"ಮತ್ತ ಇಲ್ಲಿ ಏನೂ ಇಟ್ಟೇ ಇಲ್ಲಲ್ರಿ?"

"ಇಡಲಾಕ ಮನಸ ಬರಲಿಲ್ಲ. ಅದು ಆಕೀ ಜಾಗ."

ಹುಡುಗಿ ಅಪ್ಪಣೆ ಕೇಳಿ ಟೇಪು ಬಿಚ್ಚುತ್ತಾಳೆ. ದುಂಡಿನ ಅಗಲ, ಗೋಡೆಯಿಂದ ಎಷ್ಟು ದೂರ, ಬೆಳಕಿಂಡಿಯಿಂದ ಎಷ್ಟು ಕೆಳಗೆ, ಎಲ್ಲ ಬರೆದುಕೊಳ್ಳುತ್ತಾಳೆ. ಆಮೇಲೆ ಅಜ್ಜಿ ಕೂರುತ್ತಿದ್ದ ಬದಿಗೆ ತಾನೇ ಹೋಗಿ, ಒಂದು ಕಾಲು ಚಾಚಿ ಒಂದು ಕಾಲು ಮಡಚಿ ಕೂತು, ಎದುರು ನೋಡುತ್ತಾಳೆ. ಎದುರಿಗೆ ಒಬ್ಬರು ಕೂರುವಷ್ಟು ಬಯಲು. ಅದರ ಹಿಂದೆ ಕೂತವರ ಕಣ್ಣಿನ ಎತ್ತರಕ್ಕೇ ದೀಪದ ಮಾಡ. ನಸುಕಿನಲ್ಲಿ ಬೀಸುವವರಿಗೆ ಬೆಳಕಾಗಲೆಂದೇ ಕಟ್ಟಿದವರು ಅದನ್ನು ಅಲ್ಲಿಟ್ಟಿರಬೇಕು. ನೆಲದಿಂದ 30 ಇಂಚು. ಅವಳು ಎರಡು ಸಲ ಅಳೆಯುತ್ತಾಳೆ.

ಅಜ್ಜಿ ಕೊಟ್ಟ ಕಟಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಲೇ ಕೋಣೆ ಹಾಳೆಯ ಮೇಲೆ ಇಳಿಯತೊಡಗುತ್ತದೆ. 12 ಅಡಿ, 14 ಅಡಿ. ನೆಲಕ್ಕೆ ಪಾಲಿಶ್ ಮಾಡದ ಶಹಾಬಾದ್ ಕಲ್ಲು. ನಡುವಿನಿಂದ ತುಸು ಸರಿದ ಜಾಗದಲ್ಲಿ ಒಂದು ದುಂಡು, ನೆಲದಿಂದ ಒಂದೂವರೆ ಇಂಚು ತಗ್ಗು, ಅಂದರೆ ಒಂದು ಪರಸಿಯ ದಪ್ಪ. ಅಲ್ಲಿ ಯಾವ ಸಾಮಾನೂ ಇಲ್ಲ. ಗೋಡೆಗೆ ಸೇರಿದ ತಗ್ಗು ಕಲ್ಲುಕಟ್ಟೆ ಎರಡು ಬದಿಗೆ, ಕೂತವರ ಮುಖ ಆ ದುಂಡಿನ ಕಡೆಗೇ ತಿರುಗುವಂತೆ. ಓಡಾಡುವ ದಾರಿ ದುಂಡನ್ನು ಬಳಸಿಕೊಂಡು ಹೋಗುತ್ತದೆ, ಮೂರಡಿ ಅಗಲ. ಎದುರು ಗೋಡೆಯಲ್ಲಿ 30 ಇಂಚಿಗೆ ಒಂದು ಮಾಡ. ಮೇಲೆ ಒಂದೇ ಬೆಳಕಿಂಡಿ. ಸಂಜೆ ಮನೆಯವರು ಬಂದು ಕೂತರೆ ಅದು ಪಡಸಾಲೆ, ಮಕ್ಕಳಿಗೆ ಓದುವ ಜಾಗ, ರಾತ್ರಿ ಇಬ್ಬರು ಮಲಗಬಹುದು. ಎಲ್ಲ ಕೆಲಸಕ್ಕೂ ಆಗುವ ಕೋಣೆಯಲ್ಲಿ ಒಂದು ಜಾಗ ಮಾತ್ರ ಯಾರೋ ಒಬ್ಬರದಾಗಿ ಉಳಿಯುತ್ತದೆ.

ಮೊದಲಿನ ಬಿಳಿ ಕೋಣೆಗೂ ಇದಕ್ಕೂ ಇರುವ ದೂರ ನೋಡಿ. ಅಲ್ಲಿ ಯಾರೂ ಇರಲೇ ಇಲ್ಲ. ಇಲ್ಲಿ ಒಬ್ಬರು ಇದ್ದರು, ಎದ್ದು ಹೋಗಿದ್ದಾರೆ, ಮನೆ ಅವರನ್ನು ಮರೆತಿಲ್ಲ. ಭಾವವನ್ನು ವಾಸದ ಜಾಗವಾಗಿಸುವುದು ಎಂದರೆ ಇದೇ ಎಂದು ನಾನು ನಂಬುತ್ತೇನೆ. ಗೋಡೆಗೆ ಬಣ್ಣ ಬಳಿದು, ಚಿತ್ರ ತೂಗುಹಾಕಿ, ಕೆಳಗೆ ಅದರ ಹೆಸರು ಬರೆದರೆ ಭಾವ ಬರುವುದಿಲ್ಲ. ಎಲ್ಲಿ ಕೂರಬೇಕು, ಯಾವ ಕಡೆ ನೋಡಬೇಕು, ಎಲ್ಲಿ ಕಾಲಿಡದೆ ಸುತ್ತಿ ಹೋಗಬೇಕು ಎಂದು ಮೈಗೆ ತಿಳಿಸಿದಾಗ ಬರುತ್ತದೆ.

ವಿನ್ಯಾಸದ ತರಗತಿಗಳಲ್ಲಿ ಶೂನ್ಯದ ಮಾತು ಬಂದರೆ ಡೇನಿಯಲ್ ಲಿಬೆಸ್ಕಿಂಡ್ ಕಟ್ಟಿದ ಬರ್ಲಿನ್ ಯಹೂದಿ ಮ್ಯೂಸಿಯಂ ತೋರಿಸುತ್ತಾರೆ. 2001ರಲ್ಲಿ ತೆರೆದ ಆ ಕಟ್ಟಡದ ಉದ್ದಕ್ಕೂ ಕೊಲೆಯಾಗಿ ಇಲ್ಲವಾದವರ ಲೆಕ್ಕಕ್ಕೆ ಖಾಲಿ ಜಾಗಗಳನ್ನು ಬಿಟ್ಟಿದ್ದಾರೆ. ಅದು ಮಹತ್ವದ ಕೆಲಸ, ವಿದ್ಯಾರ್ಥಿಗಳು ಅದನ್ನು ನೋಡಲೇಬೇಕು. ಆದರೆ ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಏರಿದ ಶೂನ್ಯಸಿಂಹಾಸನದ ಕಥೆ ಕೇಳಿ ಬೆಳೆದ ಮಕ್ಕಳು ನಮ್ಮವರು. ಅವರ ಊರಿನ ಪಕ್ಕದಲ್ಲೇ ಕಲ್ಲಿನಲ್ಲಿ ಕೆತ್ತಿದ ಖಾಲಿ ಪೀಠವಿದೆ, ಅದನ್ನು ನೋಡದೆ ಬರ್ಲಿನ್ನಿಗೆ ಹೋಗುವುದು ಸರಿಯಲ್ಲ. ಕನಗನಹಳ್ಳಿಯ ಫಲಕಗಳು ವರ್ಷಗಟ್ಟಲೆ ಬಿಸಿಲು ಮಳೆಗೆ ಬಿದ್ದಿದ್ದವು, ಈಚೆಗಷ್ಟೇ ಜೋಡಿಸಿ ಕಾಪಾಡುವ ಕೆಲಸ ಆರಂಭವಾಗಿದೆ. ನೋಡುವ ಜನ ಹೆಚ್ಚಿದರೆ ಆ ಕೆಲಸಕ್ಕೂ ಬಲ ಬರುತ್ತದೆ.

ಕಲಬುರಗಿ, ಬೀದರ್, ರಾಯಚೂರು, ವಿಜಯಪುರಗಳಲ್ಲಿ ವಾಸ್ತು ಮತ್ತು ಒಳಾಂಗಣ ವಿನ್ಯಾಸ ಕಲಿಸುವವರಲ್ಲಿ ನನ್ನದೊಂದು ಕೇಳಿಕೆ. ಮೊದಲ ವರ್ಷವೇ ಮಕ್ಕಳನ್ನು ಇಲ್ಲಿಗೆ ಕರೆತನ್ನಿ. ಚಳಿಗಾಲದಲ್ಲಿ ಬನ್ನಿ, ಕುಡಿಯುವ ನೀರು ಜೊತೆಗಿರಲಿ. ನಾಲವಾರದಲ್ಲಿ ಇಳಿದರೆ ಸನ್ನತಿ ಸುಮಾರು 20 ಕಿಲೋಮೀಟರ್. ಫೋನುಗಳನ್ನು ಚೀಲದಲ್ಲಿ ಇಡಿಸಿ, ಒಂದೊಂದು ಫಲಕದ ಮುಂದೆ ಒಬ್ಬೊಬ್ಬರನ್ನು ಕೂರಿಸಿ ಬರೆಸಿ. ಮಧ್ಯಾಹ್ನ ಊರಿನ ಹಳೇ ಮನೆಗಳಿಗೆ ಕರೆದೊಯ್ದು, ಮನೆಯವರ ಅಪ್ಪಣೆ ಪಡೆದು ಅಳೆಸಿ. ಆ ಮನೆಗಳು ಒಂದೊಂದಾಗಿ ಬಿದ್ದು ಆರ್‌ಸಿಸಿ ಆಗುತ್ತಿವೆ, ತಡಮಾಡಬೇಡಿ.